ರಂಜಾನಿಗೆ ಮುಂಚೆ ಖಲಂದರ್ ಮಲಗಿದ್ದು

ಹೊಸೂರಿನಾಚೆ, ತಮಿಳುನಾಡಿನ ಸೂಳಗಿರಿಯಲ್ಲಿ ಖಲಂದರನ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಸಂತೆ ಬೀದಿಯಲ್ಲಿ ನಿಂತು ಕಿವಿ ಕೊಟ್ಟರೆ ಸಾಕು, ದಾರಿ ತಾನಾಗಿ ತಿಳಿಯುತ್ತದೆ. ಅವನದು ಮೋಟಾರಿಗೆ ಕಾಯಿಲ್ ಕಟ್ಟುವ ಕೆಲಸ. ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ ಸುತ್ತಲ ಹಳ್ಳಿಗಳವರು ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಅವನ ಬಾಗಿಲಿಗೆ ತರುತ್ತಾರೆ. ಅವನು ಮೊದಲು ಬೈಯುತ್ತಾನೆ, ಆಮೇಲೆ ಬಿಚ್ಚುತ್ತಾನೆ, ಬಿಚ್ಚಿ ನೋಡಿದ ಮೇಲೆ ಇನ್ನೊಂದು ಸಲ ಬೈಯುತ್ತಾನೆ. ಕರೆಂಟಿನವರಿಗೆ ತಮಿಳಿನಲ್ಲಿ, ರೈತರಿಗೆ ಕನ್ನಡದಲ್ಲೋ ತೆಲುಗಿನಲ್ಲೋ, ಸುತ್ತಿಗೆಗೂ ತಂತಿಗೂ ಉರ್ದುವಿನಲ್ಲಿ. ಕೆಲಸ ಮಾತ್ರ ಗಟ್ಟಿ. ಅದಕ್ಕೇ ಜನ ಬೈಸಿಕೊಂಡರೂ ಬರುತ್ತಾರೆ.

ಈಚೆಗೆ ಕೆಲವು ವರ್ಷಗಳಿಂದ ರಂಜಾನ್ ಬೇಸಿಗೆಯ ಬಾಗಿಲಿಗೆ ಬಂದು ಕೂರುತ್ತಿದೆ. ಮೋಟಾರು ಸುಡುವ ಕಾಲವೂ ಅದೇ. ಹಗಲೆಲ್ಲ ರೋಜಾ ಉಪವಾಸ, ಹೊಟ್ಟೆಯಲ್ಲಿ ನೀರಿಲ್ಲ, ಟೀ ಇಲ್ಲ, ಬೀಡಿ ಇಲ್ಲ, ಎದುರಿಗೆ ಸಾಲಾಗಿ ಸುಟ್ಟ ಮೋಟಾರು. ಆ ತಿಂಗಳಲ್ಲಿ ಖಲಂದರನ ಬಾಯಿ ಮಿಕ್ಕ ಹನ್ನೊಂದು ತಿಂಗಳಿಗಿಂತ ಜೋರು. ಸಂಜೆ ಆ ಬಾಯಿಯನ್ನು ಹೊತ್ತುಕೊಂಡೇ ಅವನು ಮನೆಗೆ ಹೋಗುತ್ತಿದ್ದ. ಉಪವಾಸ ಬಿಡುವ ಇಫ್ತಾರಿಗೆ ಕೂತಾಗ ಗಂಜಿಯಲ್ಲಿ ಉಪ್ಪು ಕಡಿಮೆ ಇರುತ್ತಿತ್ತು, ಇಲ್ಲವೇ ಜಾಸ್ತಿ ಇರುತ್ತಿತ್ತು. ಸರಿಯಾಗಿದ್ದ ದಿನ ಬಿಸಿ ಜಾಸ್ತಿ ಇರುತ್ತಿತ್ತು.

ಅವನ ಹೆಂಡತಿ ಖಮರುನ್ನೀಸಾ ಇದನ್ನೆಲ್ಲ ಮೂವತ್ತು ರಂಜಾನ್ ಕೇಳಿದವಳು. ಈ ಸಲ, ರಂಜಾನಿಗೆ ಹದಿನೈದು ದಿನ ಮುಂಚೆ ಬರುವ ಷಬೇಬರಾತ್ ಆದ ಮಾರನೆಯ ದಿನ, ಹಲ್ವಾ ಮಾಡಿದ್ದ ತಟ್ಟೆಯನ್ನು ಒರೆಸುತ್ತಾ, ನಾಳೆ ಹಾಲು ತಗೋಬೇಕು ಎನ್ನುವ ಧಾಟಿಯಲ್ಲಿ ಒಂದು ಮಾತು ಹೇಳಿದಳು.

"ಅಜೀ, ಈ ಸಲ ರಂಜಾನಿಗೆ ನಾನು ಬಾಗಲೂರಿಗೆ ಹೋಗ್ತೀನಿ. ತಂಗಿ ಮನೇಲಿದ್ದು ಹಬ್ಬ ಮುಗಿಸ್ಕೊಂಡು ಬತ್ತೀನಿ."

"ಯಾಕೆ? ಅವಳಿಗೇನಾಯ್ತು?"

"ಅವಳಿಗೇನೂ ಆಗಿಲ್ಲ. ನನಗೂ ಒಂದು ವರ್ಷ ರಂಜಾನ್ ಮಾಡ್ಬೇಕು ಅಂತ ಆಸೆ."

"ಮತ್ತೆ ಇಷ್ಟು ವರ್ಷ ಮಾಡಿದ್ದೇನು?"

"ಇಷ್ಟು ವರ್ಷ ನಿಮ್ಮನ್ನ ಕಾದಿದ್ದು. ಯಾವಾಗ ಕಿರುಚ್ತೀರೋ ಅಂತ. ನಮಾಜಿಗೆ ನಿಂತ್ರೂ ಕಿವಿ ಬಾಗಿಲ ಕಡೇನೇ. ನಿಮ್ಮ ಹೊಟ್ಟೆ ರೋಜಾ ಇರುತ್ತೆ. ಬಾಯಿ ಬೆಳಿಗ್ಗೆಯಿಂದ್ಲೇ ಇಫ್ತಾರಿ ಮಾಡ್ತಾ ಇರುತ್ತೆ."

ಅವಳು ಹೇಳಿದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ಹೇಳಿದ್ದರೂ ಅಷ್ಟೇ ನಾಟುತ್ತಿತ್ತು. ಅವಳು ಅತ್ತಿದ್ದರೆ ಅವನು ಗದರಿಸಬಹುದಿತ್ತು, ಕೂಗಾಡಿದ್ದರೆ ತಾನೂ ಕೂಗಾಡಬಹುದಿತ್ತು. ಅವಳು ತಟ್ಟೆ ಒರೆಸಿ ಗೂಟಕ್ಕೆ ಬಟ್ಟೆ ಹಾಕಿದಳು. ಖಲಂದರ್ ಅಂಗಡಿಗೆ ಹೋಗಿ ಒಂದು ಮೋಟಾರಿಗೆ ಬೈದ.

ಒಬ್ಬನೇ ಇದ್ದರೆ ಊಟಕ್ಕೇನೂ ತೊಂದರೆಯಿಲ್ಲ. ಮಸೀದಿಯಲ್ಲಿ ದೊಡ್ಡ ಹಂಡೆಯಲ್ಲಿ ಗಂಜಿ ಬೇಯುತ್ತದೆ, ಇಡೀ ಮೊಹಲ್ಲಾ ಚೊಂಬು ಹಿಡಿದು ಹೋಗಿ ತರುತ್ತದೆ. ಊಟದ ಮಾತಲ್ಲ ಅದು. ಮದುವೆಯಾದಾಗಿನಿಂದ ಒಂದು ರಂಜಾನೂ ಅವಳಿಲ್ಲದೆ ಮನೆಯಲ್ಲಿ ನಡೆದಿಲ್ಲ. ಮಗಳನ್ನು ಕೃಷ್ಣಗಿರಿಗೆ ಕೊಟ್ಟ ಮೇಲೆ ಮನೆಯಲ್ಲಿ ಇರುವುದು ಇವರಿಬ್ಬರೇ. ಬಾಗಿಲು ತೆಗೆದು ಒಳಗೆ ಹೋದರೆ ಯಾರೂ ಇಲ್ಲದ ಮನೆಯಲ್ಲಿ ಖರ್ಜೂರ ಕೈಯಲ್ಲಿ ಹಿಡಿದು ಮಸೀದಿಯ ಬಾಂಗಿನ ಕೂಗಿಗೆ ಕಾಯುವುದು ಹೇಗಿರುತ್ತದೆ ಎಂದು ಯೋಚಿಸಿದ. ಯೋಚನೆ ಪೂರ್ತಿ ಮಾಡಲಿಲ್ಲ.

ಸಂಜೆ ನಮಾಜು ಮುಗಿದ ಮೇಲೆ ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರ ಹತ್ತಿರ ಹೋಗಿ ಕೂತ. ವಾಣಿಯಂಬಾಡಿ ಕಡೆಯಿಂದ ಬಂದ ಹುಡುಗ ವಯಸ್ಸಿನವರು. ಹೋದ ವರ್ಷ ಮಸೀದಿಯ ನೀರಿನ ಮೋಟಾರಿನ ವಿಚಾರದಲ್ಲಿ ಖಲಂದರ್ ಅವರನ್ನೂ ಬೈಯದೆ ಬಿಟ್ಟಿರಲಿಲ್ಲ.

"ಹಜರತ್, ಕೋಪಕ್ಕೇನಾದ್ರೂ ಇದೆಯಾ? ಊದೋದು, ತಾಯಿತ, ನೀರು ಮಂತ್ರಿಸೋದು?"

"ತಾಯಿತ ಯಾಕೆ ಖಲಂದರ್ ಭಾಯ್? ಪ್ರವಾದಿಗಳ ಹದೀಸಿನಲ್ಲೇ ಇದೆಯಲ್ಲ. ನಿಂತಿದ್ದಾಗ ಕೋಪ ಬಂದ್ರೆ ಕೂತ್ಕೊಳ್ಳಿ. ಕೂತ್ರೂ ಹೋಗದಿದ್ರೆ ಮಲಗಿ. ಸೈತಾನನಿಂದ ಕಾಪಾಡು ಅಂತ ಅಲ್ಲಾಹನನ್ನ ಕೇಳ್ಕೊಳ್ಳಿ. ಯಾರಾದ್ರೂ ಜಗಳಕ್ಕೆ ಬಂದ್ರೆ, ನಾನು ರೋಜಾ ಇದ್ದೀನಿ ಅಂತ ಹೇಳಿ."

"ಅದನ್ನ ಹೋದ ವರ್ಷವೇ ಹೇಳ್ದೆ."

"ಕೇಳಿದ್ದೆ," ಎಂದರು ಹಜರತ್ತರು. "ಮಸೀದಿ ತನಕ ಕೇಳಿಸ್ತು. ಅದನ್ನ ಹಾಗೆ ಹೇಳಬಾರದು."

ಖಲಂದರ್ ಕೆಲಸಗಾರ. ಹೇಗೆ ಮಾಡಬೇಕು ಎಂದು ಹೇಳಿಬಿಟ್ಟರೆ ಹಾಗೇ ಮಾಡುವವನು. ಮೊದಲು ನಿಲ್ಲುವುದು, ಆಮೇಲೆ ಕೂರುವುದು, ಆಮೇಲೆ ಮಲಗುವುದು, ಬಾಯಲ್ಲಿ ದುವಾ. ಕಾಯಿಲ್ ಕಟ್ಟುವುದಕ್ಕಿಂತ ಇದು ಸುಲಭ ಎನಿಸಿತು. ರಂಜಾನ್ ಬಂದ ಮೇಲೆ ಕಲಿತರೆ ಆಗದು, ಅದಕ್ಕೆ ಮುಂಚಿನ ಶಾಬಾನ್ ತಿಂಗಳಲ್ಲೇ ರೂಢಿ ಮಾಡಿಕೊಳ್ಳಬೇಕು ಎಂದು ತೀರ್ಮಾನ ಮಾಡಿದ. ಮಾರನೆಯ ದಿನದಿಂದ ಹಗಲು ಟೀ ಬಿಟ್ಟ, ಬೀಡಿ ಬಿಟ್ಟ. ಎದುರಿನ ಟೀ ಅಂಗಡಿಯ ವೆಂಕಟರಮಣಪ್ಪ ಒಂದು ಬೆಳಿಗ್ಗೆ ಕಾದು, ಎರಡನೆಯ ಬೆಳಿಗ್ಗೆ ತಾನೇ ಲೋಟ ಹಿಡಿದು ಬಂದ.

"ಏನ್ ಸಾಬ್ರೆ, ನನ್ ಮ್ಯಾಲೇನಾದ್ರೂ ಬೇಜಾರಾ? ಸಕ್ಕರೆ ಜಾಸ್ತಿ ಆಯ್ತಾ?"

"ಇಲ್ಲಪ್ಪ."

"ಇಲ್ಲಪ್ಪ ಅಂತೀರಲ್ಲ! 'ಇಲ್ಲ ಕಣ್ಲಾ, ಹೋಗ್ಲಾ' ಅನ್ನೋರು. ಏನಾಯ್ತು ಯೋಳಿ."

ಖಲಂದರ್ ಕೂತ. ವೆಂಕಟರಮಣಪ್ಪ ಸ್ವಲ್ಪ ಹೊತ್ತು ನೋಡಿ, ಆ ಟೀಯನ್ನು ತಾನೇ ಕುಡಿದು ಹೋದ.

ಮನೆಯಲ್ಲಿ ಖಮರುನ್ನೀಸಾ ತಾನು ಹೋಗುವುದಕ್ಕೂ ಮುಂಚೆ ಮನೆಯನ್ನು ರಂಜಾನಿಗೆ ಅಣಿ ಮಾಡುತ್ತಿದ್ದಳು. ಪ್ರತಿ ವರ್ಷ ಅವಳು ಮಾಡುತ್ತಿದ್ದ ರಗಳೆ ಅಷ್ಟಿಷ್ಟಲ್ಲ. ಪರದೆ ಒಗೆದು, ಅಟ್ಟದ ಪಾತ್ರೆಯೆಲ್ಲ ಇಳಿಸಿ ತಿಕ್ಕಿ, ಸಮೋಸಾದ ಹಾಳೆ ಲಟ್ಟಿಸಿ, ಮೊದಲ ರೋಜಾಕ್ಕೆ ಮುಂಚೆಯೇ ಸೊಂಟ ಹಿಡಿದು ಕೂರುತ್ತಿದ್ದಳು. ಈ ಸಲ ಅಟ್ಟದ ಕಡೆ ನೋಡಲಿಲ್ಲ. ದಿನಾ ಓಡಾಡುವ ಎರಡು ಕೋಣೆ ಸಾರಿಸಿದಳು. ನಮಾಜಿಗೆ ಹಾಸುವ ಜಾನಮಾಜು ಒಗೆದು ಬಿಸಿಲಿಗೆ ಹಾಕಿದಳು. ಈರುಳ್ಳಿ ಕೆಂಪಗೆ ಹುರಿದು ಡಬ್ಬಿಗೆ ತುಂಬಿದಳು, ಶುಂಠಿ ಬೆಳ್ಳುಳ್ಳಿ ಅರೆದು ಫ್ರಿಜ್ಜಿಗಿಟ್ಟಳು.

"ಎಣ್ಣೆ ಬಾಣಲೆ ದಿನಾ ಇಡೋದು ಬೇಡ, ಶುಕ್ರವಾರ ಜುಮ್ಮಾ ದಿನ ಮಾತ್ರ ಸಾಕು," ಎಂದಳು. "ಇಷ್ಟು ದಿನ ಸಮೋಸಾ ಕರೀತಾ ಸಾಯಂಕಾಲದ ಅಸರ್ ನಮಾಜು ಕಳ್ಕೊಂಡೆ. ಇನ್ನು ಸಮೋಸಾನೇ ಕಳ್ಕೊಳ್ಳೋಣ."

"ನೀನೇ ಇರಲ್ವಲ್ಲ, ಬಾಣಲೆ ಇಡೋರ್ಯಾರು?"

"ನೀವೇ ಇಡ್ಕೋಬೇಕು. ಅದಕ್ಕೇ ಹೇಳ್ತಿರೋದು. ಮನೆ ರೆಡಿ ಇದೆ. ಇನ್ನು ಉಳಿದಿದ್ದು ನೀವು."

ಅವನಿಗೆ ಚುರ್ರೆಂದಿತು. ಅಲ್ಲೇ ಕೂತ. ಅವಳು ಯಾಕೆ ಕೂತಿರಿ ಎಂದು ಕೇಳಲಿಲ್ಲ. ಕಾಲಿಗೆ ಅಡ್ಡ ಬಂದನೆಂದು ಸುತ್ತಿಕೊಂಡು ಹೋದಳು. ಹಜರತ್ತರು ಹೇಳಿದ್ದನ್ನು ಅವನು ಅವಳಿಗೆ ತಿಳಿಸಿರಲಿಲ್ಲ. ಹೇಳಿ ಮಾಡುವುದಕ್ಕಿಂತ ಮಾಡಿ ತೋರಿಸುವುದು ಮೇಲು ಎಂದು ಅವನ ಲೆಕ್ಕ. ತೋರಿಸುವುದಕ್ಕೆ ಅವಳು ನೋಡಬೇಕಲ್ಲ, ಅವಳು ಬಾಗಲೂರಿಗೆ ಯಾವ ಸೀರೆ ತೆಗೆದುಕೊಂಡು ಹೋಗುವುದು ಎಂದು ನೋಡುತ್ತಿದ್ದಳು.

ಅಂಗಡಿಯಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ಬೈಗುಳ ನಿಂತ ಮೇಲೆ ಗಿರಾಕಿಗಳಿಗೆ ಕೆಲಸದ ಮೇಲೆ ನಂಬಿಕೆ ಹೋಯಿತು. ಸುಟ್ಟ ಮೋಟಾರನ್ನು ನೋಡಿ ಖಲಂದರ್, "ಆಯ್ತು, ಬಿಟ್ಟು ಹೋಗಿ, ಮಾಡ್ತೀನಿ," ಎಂದರೆ ಅವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬ ಅರ್ಧ ದಾರಿ ಹೋಗಿ ವಾಪಸ್ ಬಂದು, "ಸಾಬ್ರೆ, ಮೋಟಾರು ಪೂರಾ ಹೋಗ್ಬುಟ್ಟದಾ? ಇದ್ದದ್ದು ಯೋಳಿ," ಎಂದು ಕೇಳಿದ. ಇನ್ನೊಬ್ಬ ಹೇಳದೆ ಕೇಳದೆ ತನ್ನ ಮೋಟಾರನ್ನು ಎತ್ತಿಕೊಂಡು ಹೊಸೂರಿಗೆ ಹೋದ.

ಹೀಗಿರುವಾಗ, ನಾಳೆಯೋ ನಾಳಿದ್ದೋ ರಂಜಾನಿನ ಚಂದ್ರ ಕಾಣಬೇಕು ಎನ್ನುವ ದಿನ ಬೆಳಿಗ್ಗೆ, ಮುನಿಯಲ್ಲಪ್ಪ ಬಂದ.

ಮುನಿಯಲ್ಲಪ್ಪ ಕೋಸು ಬೆಳೆಯುವವನು, ಖಲಂದರನ ಜೊತೆ ಮೂರನೆಯ ಕ್ಲಾಸಿನವರೆಗೆ ಓದಿದವನು, ಅಂದಿನಿಂದ ಇಂದಿನವರೆಗೆ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡವನು. ಅವನದು ಮೂರು ಫೇಸಿನ ಮೋಟಾರು. ಕರೆಂಟಿನಲ್ಲಿ ಒಂದು ಫೇಸು ಕೈಕೊಟ್ಟಾಗ ಸುಮ್ಮನೆ ಕಾಯಬೇಕು. ಮುನಿಯಲ್ಲಪ್ಪ ಕಾಯುವುದಿಲ್ಲ. ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಓಡಿಸುತ್ತಾನೆ. ಕೋಸಿಗೆ ನೀರು ಹರಿಯುತ್ತದೆ, ಕಾಯಿಲ್ ಸುಡುತ್ತದೆ. ಬೇಡ ಎಂದು ಖಲಂದರ್ ಅವನಿಗೆ ಹೇಳದ ಭಾಷೆಯಿಲ್ಲ. ಹೋದ ತಿಂಗಳು ಕಟ್ಟಿಕೊಟ್ಟ ಕಾಯಿಲೇ ಈಗ ಟೆಂಪೋದಲ್ಲಿ ಮತ್ತೆ ಬಂದಿತ್ತು.

ಖಲಂದರ್ ಮೋಟಾರು ಬಿಚ್ಚಿದ. ಒಳಗೆಲ್ಲ ಕಪ್ಪು.

"ಎರಡು ಫೇಸಲ್ಲಿ ಓಡಿಸ್ದಾ?" ಎಂದು ಮೆಲ್ಲಗೆ ಕೇಳಿದ.

"ದೇವ್ರಾಣೆಗೂ ಇಲ್ಲ ಕಣಣ್ಣ. ಅದಷ್ಟಕ್ಕೆ ಅದೇ ನಿಂತೋಯ್ತು."

"ಕಂಡೆನ್ಸರ್ ಹಾಕ್ಲಿಲ್ವಾ?"

"ಕಂಡೆನ್ಸರಾ? ಅದೆಂಗಿರ್ತದೆ?"

ಕಂಡೆನ್ಸರ್ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅದರ ತಂತಿ ಹೊರಗೆ ಕಾಣುತ್ತಿತ್ತು.

ಖಲಂದರನ ಕಿವಿ ಬಿಸಿಯಾಯಿತು. ಮೂವತ್ತು ನಲವತ್ತು ವರ್ಷದ ಬೈಗುಳವೆಲ್ಲ ಒಟ್ಟಿಗೆ ಗಂಟಲಿಗೆ ಬಂದು ನಿಂತಿತು. ಖಲಂದರ್ ಕೂತ. ಕೂತು ತಂತಿಯನ್ನೇ ನೋಡಿದ. ಕೋಪ ಇಳಿಯಲಿಲ್ಲ, ಇನ್ನೂ ಏರಿತು. ಹಜರತ್ತರು ಇದಕ್ಕೂ ದಾರಿ ಹೇಳಿದ್ದರು. ಖಲಂದರ್ ತಾಮ್ರದ ತಂತಿಯ ಚೂರುಗಳ ನಡುವೆ ಅಂಗಡಿಯ ನೆಲದ ಮೇಲೆ ನಿಧಾನವಾಗಿ ಮಲಗಿದ. ಕಣ್ಣು ಮುಚ್ಚಿದ. ಸೈತಾನನಿಂದ ಕಾಪಾಡು ಎಂದು ಅರಬ್ಬಿಯಲ್ಲಿ ಹೇಳಿಕೊಳ್ಳತೊಡಗಿದ. ಕೋಪ ಪೂರ್ತಿ ಹೋಗುವವರೆಗೆ ಕಣ್ಣು ತೆರೆಯುವುದಿಲ್ಲ, ಬೇರೆ ಮಾತಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ.

"ಅಣ್ಣೋ!" ಎಂದ ಮುನಿಯಲ್ಲಪ್ಪ. "ಅಣ್ಣೋ, ಬಯ್ಯಣ್ಣೋ! ಎರಡು ಫೇಸಲ್ಲೇ ಓಡ್ಸಿದ್ದು, ತಪ್ಪಾಯ್ತು, ಎದ್ದು ಬಯ್ಯಿ!"

ಖಲಂದರನ ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಅಯ್ಯಯ್ಯೋ, ವೆಂಕಟರಮಣಪ್ಪ, ಓಡ್ ಬಾರಲಾ! ಸಾಬ್ರು ಕಡೇ ಮಂತ್ರ ಯೋಳ್ತಾವ್ರೆ!"

ಜನ ಸೇರಿದರು. ಇಷ್ಟು ಹೊತ್ತಿಗೆ ಕೋಪ ಸ್ವಲ್ಪ ಇಳಿಯುವ ಹಾಗಿತ್ತು. ಆಗ ವೆಂಕಟರಮಣಪ್ಪ ಮುಖಕ್ಕೆ ಟೀ ಅಂಗಡಿಯ ಬಕೆಟ್ಟಿನ ನೀರು ಎರಚಿದ, ಲೋಟ ತೊಳೆದ ನೀರು. ಕೋಪ ಮೊದಲಿನ ಜಾಗಕ್ಕೆ ಬಂತು. ಯಾರೋ ಕೈಯಲ್ಲಿ ಕಬ್ಬಿಣದ ಬೀಗದ ಕೈ ತುರುಕಿದರು. ಯಾರೋ ಈರುಳ್ಳಿ ಒಡೆದು ಮೂಗಿಗೆ ಹಿಡಿದರು. ಬೀಗದ ಕೈ ಪಿಟ್ಸ್ ಬಂದವರಿಗೆ ಕೊಡುವುದು, ಈರುಳ್ಳಿ ತಲೆ ತಿರುಗಿ ಬಿದ್ದವರಿಗೆ, ಇವನಿಗೆ ಬಂದಿರುವುದು ಎದೆನೋವು ಎಂದು ಅವನ ತಲೆಯ ಮೇಲೆಯೇ ಜಗಳ ನಡೆಯಿತು. ಒಂದೊಂದು ಉಪಚಾರಕ್ಕೂ ಅವನ ಕೋಪ ಒಂದೊಂದು ಗೇಣು ಮೇಲೆ ಹೋಯಿತು. ಮಲಗಿದವನು ಮಲಗಿಯೇ ಇದ್ದ. ಮಲಗಿದ ಮೇಲೂ ಹೋಗದಿದ್ದರೆ ಏನು ಮಾಡಬೇಕು ಎಂದು ಕೇಳದೇ ಬಂದದ್ದು ತಪ್ಪಾಯಿತು ಎಂದುಕೊಂಡ.

ಕೋಪ ನಿಜವಾಗಿ ಹೋದಾಗ ಅವನು ಹೆದ್ದಾರಿಯ ಮೇಲೆ ಆಂಬುಲೆನ್ಸಿನಲ್ಲಿದ್ದ. ಕಣ್ಣು ತೆರೆದು, "ನನಗೇನೂ ಆಗಿಲ್ಲ," ಎಂದ. "ಪೇಸಾದೀಂಗ ಅಯ್ಯಾ," ಮಾತಾಡಬೇಡಿ ಎಂದು ಆಂಬುಲೆನ್ಸಿನ ಹೆಂಗಸು ತಮಿಳಿನಲ್ಲಿ ಗದರಿ ಮೂಗಿಗೆ ಆಕ್ಸಿಜನ್ ಹಾಕಿದಳು. ಜೀವನದಲ್ಲಿ ಅವನನ್ನು ಗದರಿಸಿ ಸುಮ್ಮನಾಗಿಸಿದವಳು ಅವಳೊಬ್ಬಳೇ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದರು, ರಕ್ತ ತೆಗೆದು ನೋಡಿದರು. ಏನೂ ಸಿಗಲಿಲ್ಲ. ಏನೂ ಇಲ್ಲ, ಮನೆಗೆ ಹೋಗಿ, ರೋಜಾ ಇರಬಹುದು ಎಂದು ಡಾಕ್ಟರು ಮಾರನೆಯ ಬೆಳಿಗ್ಗೆ ಕಳಿಸಿದರು. ಅಷ್ಟರಲ್ಲಿ ಖಲಂದರ್‌ಗೆ ಹಾರ್ಟ್ ಅಟ್ಯಾಕ್ ಎನ್ನುವ ಸುದ್ದಿ ಬಾಗಲೂರು, ಕೃಷ್ಣಗಿರಿ ಎರಡೂ ಕಡೆ ಮುಟ್ಟಿತ್ತು. ಮನೆಗೆ ಬಂದು ನೋಡಿದರೆ ಅವಳು ಸಾರಿಸಿದ್ದ ಎರಡು ಕೋಣೆಯಲ್ಲೂ ಜನ. ಮಗಳು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಬಾಗಲೂರಿನ ನಾದಿನಿ ಗಂಡನ ಜೊತೆ ಬಂದಿದ್ದಳು. ಒಬ್ಬೊಬ್ಬರೂ ಸೇಬು ತಂದಿದ್ದರು. ಇವನಿಗೆ ಸೇಬು ಕಂಡರೆ ಆಗದು.

"ಭಾವಾ, ಈ ವರ್ಷ ರೋಜಾ ಬೇಡ," ಎಂದಳು ನಾದಿನಿ.

"ಡಾಕ್ಟರು ಏನೂ ಇಲ್ಲ ಅಂದ್ರಮ್ಮ."

"ಡಾಕ್ಟರು ನಿಮ್ಮ ಮುಂದೆ ಹಂಗೇ ಹೇಳೋದು. ನಮ್ಮ ಮಾವನಿಗೂ ಏನೂ ಇಲ್ಲ ಅಂತ್ಲೇ ಹೇಳಿದ್ರು." ಮಾವ ಏನಾದ ಎಂದು ಅವಳು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಖಮರುನ್ನೀಸಾ ಎಲ್ಲರಿಗೂ ಟೀ ಕೊಟ್ಟು ಬಂದು ತಂಗಿಯ ಹತ್ತಿರ ನಿಂತಳು. "ನಾನು ಬರೋದಿಲ್ಲ ಕಣೇ. ಇವರನ್ನ ಈ ಸ್ಥಿತೀಲಿ ಬಿಟ್ಟು ಹೆಂಗೆ ಬರ್ಲಿ? ಇಲ್ಲೇ ಇರ್ತೀನಿ."

ಖಲಂದರ್ ಕೇಳಿಸಿಕೊಂಡ. ಇಷ್ಟು ದಿನ ಟೀ ಬಿಟ್ಟು, ಬೀಡಿ ಬಿಟ್ಟು, ಗಿರಾಕಿ ಬಿಟ್ಟು ಅವನು ಕಾದದ್ದು ಈ ಮಾತಿಗೆ. ಸುಮ್ಮನೆ ದಿಂಬಿಗೆ ಒರಗಿ ಆಗಾಗ ಎದೆ ಮೇಲೆ ಕೈ ಇಟ್ಟುಕೊಂಡರೆ ಮುಗಿಯಿತು, ಅವಳು ಹಬ್ಬದವರೆಗೆ ಕದಲುವುದಿಲ್ಲ. ಯಾರನ್ನೂ ಬೈಯಬೇಕಾಗಿಯೂ ಇಲ್ಲ, ಬೈಯದೆ ಇರಬೇಕಾಗಿಯೂ ಇಲ್ಲ. ಅವಳ ಮುಖ ನೋಡಿದ. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಮುಖ. ಅವಳು ಅವನ ಕಡೆ ನೋಡುತ್ತಿದ್ದ ರೀತಿ ಅವನಿಗೆ ಗೊತ್ತಿತ್ತು. ಇನ್ನೇನು ಆಗುವುದೋ ಎಂದು ಕಾಯುವ ನೋಟ. ಅವನು ಕಿರುಚುವುದನ್ನು ಕಾಯುತ್ತಿದ್ದಾಗಲೂ ಹೀಗೇ ನೋಡುತ್ತಿದ್ದಳು.

"ಖಮರ್, ಒಳಗೆ ಬಾ," ಎಂದು ಅಡಿಗೆಮನೆಗೆ ಕರೆದ.

"ಏನು? ಎದೆ ನೋಯ್ತಾ ಇದ್ಯಾ?"

"ಎದೆ ನೋವೇ ಬಂದಿರ್ಲಿಲ್ಲ. ಕೋಪ ಬಂದಿತ್ತು. ಕೂತೆ, ಹೋಗ್ಲಿಲ್ಲ. ಅದಕ್ಕೆ ಮಲಗಿದೆ. ಹಜರತ್ತರು ಹೇಳಿದ್ರು."

ಖಮರುನ್ನೀಸಾ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕೋಪ ಬಂದು ಮಲಗಿದ್ರಾ?"

"ಹ್ಞೂ."

"ಬೈಲಿಲ್ವಾ?"

"ಇಲ್ಲ."

"ಮುನಿಯಲ್ಲಪ್ಪಣ್ಣನ್ನೂ?"

"ಹ್ಞೂ."

ಅವಳು ನಂಬಲಿಲ್ಲ. ಫೋನ್ ತೆಗೆದು ಅಲ್ಲೇ ನಿಂತು ಮುನಿಯಲ್ಲಪ್ಪನಿಗೆ ಮಾಡಿದಳು. ಅವನ ದನಿ ಫೋನಿನಿಂದ ಹೊರಗೂ ಕೇಳಿಸುತ್ತಿತ್ತು.

"ಅಣ್ಣಾ, ಇವರು ಬೀಳೋಕೆ ಮುಂಚೆ ಏನಾದ್ರೂ ಬೈದ್ರಾ?"

"ಒಂದಕ್ಷರ ಇಲ್ಲ ಕಣಕ್ಕ! ಅದಕ್ಕೇ ತಾನೆ ನಾನು ಆಂಬುಲೆನ್ಸ್ ಕರ್ಸಿದ್ದು! ಬೈದಿದ್ರೆ ಚೆನ್ನಾಗವ್ನೆ ಅಂತ ಮನೇಗ್ ಹೋಗ್ತಿದ್ದೆ. ಬಿದ್ದಿದ್ದೂ ಇಲ್ಲ ಅಕ್ಕಾ, ಹಾಸಿಗೆ ಹಾಸ್ದಂಗೆ ನಿಧಾನಕ್ಕೆ ಮಲಗ್ದ. ನಂಗೆ ಜೀವ್ವೇ ಹೋಯ್ತು. ಈಗ್ಲಾದ್ರೂ ಬೈತಾವ್ನಾ?"

"ಇಲ್ಲ ಅಣ್ಣ."

"ಹುಷಾರಾಗಿ ನೋಡ್ಕಳಕ್ಕ," ಎಂದ ಮುನಿಯಲ್ಲಪ್ಪ. ದನಿಯಲ್ಲಿ ದುಃಖವಿತ್ತು.

ಅವಳು ಫೋನ್ ಇಟ್ಟಳು. ಒಲೆಯ ಕಟ್ಟೆಯ ಮೇಲಿದ್ದ ನೀರನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅವಳ ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಅವನು ಹತ್ತಿರ ಹೋದ. ಅವಳು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು.

"ಇದನ್ನ ನನಗ್ಯಾಕೆ ಹೇಳಿದ್ರಿ? ಸುಮ್ನಿದ್ದಿದ್ರೆ ನಾನು ಇರ್ತಿದ್ನಲ್ಲ," ಎಂದಳು ನಗು ನಿಂತ ಮೇಲೆ.

"ನೀನು ರಂಜಾನ್ ಮಾಡ್ಬೇಕು ಅಂದ್ಯಲ್ಲ. ರೋಗಿ ಕಾಯ್ತಾ ಕೂತ್ರೆ ಅದೂ ಕಾಯೋದೇ. ಹೋಗೋದಾದ್ರೆ ಹೋಗು. ತಂಗಿ ಇಲ್ಲೇ ಅವ್ಳೆ, ಅವಳ ಜೊತೇಲೇ ಹೋಗ್ಬೋದು."

ಹೇಳಿ ಮುಗಿಸಿ ಅವನು ಅಕ್ಕಿ ಮೂಟೆಯ ಮೇಲೆ ಕೂತ.

"ಈಗ್ಯಾಕೆ ಕೂತ್ರಿ? ಕೋಪ ಬಂತಾ?"

"ಇಲ್ಲ. ಇದು ಬೇರೆ."

ಹೊರಗೆ ಮಗಳು ಯಾರಿಗೋ ಅಪ್ಪ ಬದುಕಿದ್ದೇ ಹೆಚ್ಚು ಎಂದು ಹೇಳುತ್ತಿದ್ದಳು.

"ರೋಗಿ ಜೊತೆ ಇರೋಕೆ ನನಗೆ ಭಯ," ಎಂದಳು ಖಮರುನ್ನೀಸಾ. "ಕೋಪಿಷ್ಠನ ಜೊತೆ ಇದ್ದು ಅಭ್ಯಾಸ ಇದೆ. ಇರ್ತೀನಿ. ಆದ್ರೆ ಮನೇಲಿ ಮಲಗೋ ಹಂಗಾದ್ರೆ ಮೊದ್ಲೇ ಹೇಳಿ ಮಲಗ್ಬೇಕು."

"ಹೇಳ್ತೀನಿ."

"ಅಂಗಡೀಲೂ ಹೇಳಿ ಮಲಗಿ."

ಅವಳು ಹೊರಗೆ ಹೋಗಿ ಬಂದವರಿಗೆಲ್ಲ, ಇವರಿಗೆ ಏನೂ ಆಗಿಲ್ಲ, ಕೋಪ ಬಂದು ಮಲಗಿದ್ದರು, ಎಲ್ಲರೂ ಮನೆಗೆ ಹೋಗಿ ರಂಜಾನಿನ ಕೆಲಸ ನೋಡಿಕೊಳ್ಳಿ ಎಂದಳು. ನಾದಿನಿಗೆ ಅವಮಾನವಾಯಿತು. ಕೋಪಕ್ಕೆ ಯಾರಾದರೂ ಮಲಗುತ್ತಾರಾ ಎಂದು ಗಂಡನನ್ನು ಕೇಳಿದಳು. ಗಂಡ ತಾನು ಕಂಡಿಲ್ಲ ಎಂದ. ಸೇಬುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಮಸೀದಿಯ ಇಫ್ತಾರಿಗೆ ಎಂದು ಅವರ ಕೈಯಲ್ಲೇ ಕಳಿಸಿದ್ದಾಯಿತು.

ಸಂಜೆ ಮಸೀದಿಯ ಮೈಕಿನಲ್ಲಿ ಚಂದ್ರ ಕಂಡಿದೆ ಎಂದು ಕೂಗಿದರು. ಖಲಂದರ್ ಕೈಕಾಲು ಮುಖ ತೊಳೆದು ವಜೂ ಮಾಡಿ, ಟೋಪಿ ಹಾಕಿ, ರಂಜಾನ್ ರಾತ್ರಿಯ ಮೊದಲ ತರಾವೀಹ್ ನಮಾಜಿಗೆ ಹೊರಟ.

"ದಾರೀಲಿ ಎಲ್ಲರೂ ನಿಮ್ಮ ಎದೆ ವಿಚಾರ ಕೇಳ್ತಾರೆ," ಎಂದಳು ಖಮರುನ್ನೀಸಾ, ಜಾನಮಾಜು ಹಾಸುತ್ತಾ. "ಬೈಬೇಡಿ."

ಕೇಳಿದರು. ಮೊಹಲ್ಲಾದ ತಿರುವಿನಲ್ಲಿ ಕೇಳಿದರು, ಅಂಗಡಿ ಸಾಲಿನಲ್ಲಿ ಕೇಳಿದರು, ಚಪ್ಪಲಿ ಬಿಡುವಲ್ಲಿಯೂ ಕೇಳಿದರು. ಎಲ್ಲರಿಗೂ ಅವನು ಒಂದೇ ಉತ್ತರ ಕೊಟ್ಟ.

"ಕೋಪ ಬಂದಿತ್ತು. ಹೋಯ್ತು."

ಯಾರೂ ನಂಬಲಿಲ್ಲ. ನಾಲ್ಕು ಜನ ಅವನ ತೋಳು ಹಿಡಿದು, ಮೆಲ್ಲಗೆ, ಒಂದೊಂದೇ ಮೆಟ್ಟಿಲು ಹತ್ತಿಸಿ ಒಳಗೆ ಕರೆದುಕೊಂಡು ಹೋದರು.